ಮೋಸ್ಟ್ ವಾಂಟೆಡ್ ಆಡುವುದು ಹೇಗೆ: ರೇಸ್ ಅರ್ಧ, ಪೊಲೀಸ್ ಅರ್ಧ

ರಜೆ ಬಂತೆಂದರೆ ತುಮಕೂರಿನ ಎಷ್ಟೋ ಮನೆಗಳಲ್ಲಿ ಮೂಲೆ ಸೇರಿದ್ದ ಹಳೇ ಪಿಸಿಗೆ ಮತ್ತೆ ಕೆಲಸ ಸಿಗುತ್ತದೆ. ಹೊಸ ಆಟಗಳು ಅದರಲ್ಲಿ ಓಡುವುದಿಲ್ಲ. ಓಡುವ ಆಟಗಳ ಪೈಕಿ ಹುಡುಗರು ಇವತ್ತಿಗೂ ಕೈಬಿಡದ ಒಂದಿದೆ: ‘ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್’. ಬಂದದ್ದು 2005ರ ನವೆಂಬರ್‌ನಲ್ಲಿ. ಮಾಡಿದ್ದು ಕೆನಡಾದ ಇಎ ಬ್ಲ್ಯಾಕ್ ಬಾಕ್ಸ್ ಸ್ಟುಡಿಯೋ. ರಾಕ್‌ಪೋರ್ಟ್ ಎಂಬ ಕಲ್ಪಿತ ಊರು. ಅಲ್ಲಿ ಕಳ್ಳ ರೇಸ್ ಓಡಿಸುವ 15 ಜನರ ಒಂದು ‘ಬ್ಲ್ಯಾಕ್‌ಲಿಸ್ಟ್’. 15ನೆಯವನಿಂದ ಶುರು ಮಾಡಿ ಒಬ್ಬೊಬ್ಬರನ್ನೇ ಸೋಲಿಸುತ್ತಾ ಹೋಗಬೇಕು. ಕೊನೆಗೆ 1ನೇ ಜಾಗದಲ್ಲಿ ಕೂತಿರುವ ರೇಜರ್‌ನಿಂದ ನಿಮ್ಮದೇ ಬಿಎಂಡಬ್ಲ್ಯು ಎಂ3 ಜಿಟಿಆರ್ ಕಾರನ್ನು ಕಿತ್ತುಕೊಳ್ಳಬೇಕು.

ಕೇಳಲು ಸುಲಭ. ಆದರೆ ತುಂಬಾ ಜನ 13ನೆಯವನೋ 12ನೆಯವಳೋ ಬರುವಷ್ಟರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ರೇಸೆಲ್ಲ ಗೆದ್ದಿರುತ್ತಾರೆ, ಮುಂದಿನ ಬಾಗಿಲು ಮಾತ್ರ ತೆರೆದಿರುವುದಿಲ್ಲ. ಯಾಕೆಂದರೆ ಬ್ಲ್ಯಾಕ್‌ಲಿಸ್ಟ್‌ನ ಒಬ್ಬೊಬ್ಬರೂ ಮೂರು ವಸ್ತು ಕೇಳುತ್ತಾರೆ. ಇಷ್ಟು ರೇಸ್ ಗೆದ್ದಿರಬೇಕು. ಪೊಲೀಸರ ಜೊತೆ ಇಂತಿಂಥ ಸಾಹಸ ಮಾಡಿರಬೇಕು, ಅದಕ್ಕೆ ಮೈಲ್‌ಸ್ಟೋನ್ ಎನ್ನುತ್ತಾರೆ. ನಿಮ್ಮ ತಲೆಯ ಮೇಲೆ ಇಷ್ಟು ‘ಬೌಂಟಿ’, ಅಂದರೆ ಪೊಲೀಸರು ನಿಮ್ಮ ತಲೆಗೆ ಕಟ್ಟಿದ ಬೆಲೆ, ಸೇರಿರಬೇಕು. ಮೂರರಲ್ಲಿ ಎರಡು ಪೊಲೀಸರದ್ದೇ ಲೆಕ್ಕ. ಪೊಲೀಸ್ ಬಂದಾಗ ಕಿರಿಕಿರಿ ಅಂದುಕೊಂಡು ಓಡಿಹೋಗುವವರಿಗೆ ಈ ಆಟ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ರೇಸ್ ಓಡಿಸುವುದನ್ನೂ ಹೇಳುತ್ತೇನೆ, ಪೊಲೀಸರನ್ನು ಬೇಕೆಂದೇ ಹಿಂದೆ ಕಟ್ಟಿಕೊಂಡು ತಿರುಗುವುದನ್ನೂ ಹೇಳುತ್ತೇನೆ.

ಹಂತ 1: ಸರಿಯಾದ ಆಟವನ್ನೇ ಹಾಕಿಕೊಳ್ಳಿ

ಇದೇ ಹೆಸರಿನ ಇನ್ನೊಂದು ಆಟ 2012ರಲ್ಲಿ ಬಂತು. ಅದನ್ನು ಮಾಡಿದ್ದು ಕ್ರೈಟೀರಿಯನ್ ಎಂಬ ಬೇರೆ ಸ್ಟುಡಿಯೋ. ಊರು ಫೇರ್‌ಹೇವನ್, ಎದುರಾಳಿಗಳು 10, ಕಾರುಗಳು ರಸ್ತೆ ಬದಿಯಲ್ಲಿ ನಿಂತಿರುತ್ತವೆ, ಹೋಗಿ ಹತ್ತಿಕೊಂಡರೆ ಆಯಿತು. ಅದೂ ಒಳ್ಳೆಯ ಆಟವೇ. ಆದರೆ ಇಲ್ಲಿ ಹೇಳುವ ಬ್ಲ್ಯಾಕ್‌ಲಿಸ್ಟ್ 15, ಮಾರ್ಕರ್, ಮೈಲ್‌ಸ್ಟೋನ್ ಯಾವುದೂ ಅದಕ್ಕೆ ಹೊಂದುವುದಿಲ್ಲ. ಆನ್‌ಲೈನ್ ಅಂಗಡಿಯಲ್ಲಿ ಹೆಸರು ಹಾಕಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು 2012ರದ್ದೇ. ದುಡ್ಡು ಕೊಡುವ ಮುಂಚೆ ವರ್ಷ ನೋಡಿ.

2005ರ ಆಟಕ್ಕೆ ಪಿಸಿ ದೊಡ್ಡದಿರಬೇಕಿಲ್ಲ. 1.4 ಗಿಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, 32 ಎಂಬಿ ಗ್ರಾಫಿಕ್ಸ್, ಹಾರ್ಡ್ ಡಿಸ್ಕ್‌ನಲ್ಲಿ 3 ಜಿಬಿ ಜಾಗ, ಅಷ್ಟೇ ಅದು ಕೇಳಿದ್ದು. ಈಗಿನ ಸಾಧಾರಣ ಲ್ಯಾಪ್‌ಟಾಪ್‌ಗೂ ಇದು ಭಾರವಲ್ಲ. ತೊಂದರೆ ಬೇರೆ ಕಡೆ ಇದೆ. ಆ ಕಾಲದ ಡಿಸ್ಕ್‌ಗಳಲ್ಲಿ ನಕಲು ತಡೆಯುವ ಒಂದು ಸಾಫ್ಟ್‌ವೇರ್ ಇರುತ್ತಿತ್ತು. ವಿಂಡೋಸ್ 10 ಬಂದಾಗಿನಿಂದ ಅಂಥದ್ದು ಓಡುವುದಿಲ್ಲ. ಅಸಲಿ ಡಿಸ್ಕ್ ಇದ್ದರೂ ಹೊಸ ಲ್ಯಾಪ್‌ಟಾಪ್ ಮುಷ್ಕರ ಹೂಡುವುದು ಇದಕ್ಕೇ. ಅದಕ್ಕೇ ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಪಿಸಿಯೇ ಇಲ್ಲಿ ರಾಜ. ಆಟ ಹಾಕಿದ ಮೇಲೆ 1.3 ಎಂಬ ಅಧಿಕೃತ ಪ್ಯಾಚ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಪ್ಲೇಸ್ಟೇಷನ್ 2ರಲ್ಲೂ ಇದು ಬಂದಿತ್ತು. ಯಾರ ಮನೆಯಲ್ಲಾದರೂ ಆ ಪೆಟ್ಟಿಗೆ ಇದ್ದರೆ ಕೇಳಿ ನೋಡಿ.

ಹಂತ 2: ಕೀಬೋರ್ಡ್ ಪರೀಕ್ಷೆ

ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಕಾರನ್ನು ಬೈಯುತ್ತಾರೆ. ನೋಟ್‌ಪ್ಯಾಡ್ ತೆರೆಯಿರಿ. ಮೇಲಿನ ಬಾಣದ ಕೀ ಮತ್ತು ಎಡ ಬಾಣದ ಕೀ ಎರಡನ್ನೂ ಒತ್ತಿ ಹಿಡಿದುಕೊಂಡು, ಒಂದೊಂದೇ ಅಕ್ಷರದ ಕೀ ಒತ್ತಿ. ಕೆಲವು ಅಕ್ಷರ ಮೂಡುತ್ತವೆ, ಕೆಲವು ಮೂಡುವುದೇ ಇಲ್ಲ. ಅಗ್ಗದ ಕೀಬೋರ್ಡ್‌ಗಳು ಒಂದೇ ಸಲಕ್ಕೆ ಮೂರು ಕೀಗಳನ್ನು ಎಲ್ಲ ಜೋಡಣೆಯಲ್ಲೂ ಗುರುತಿಸುವುದಿಲ್ಲ. ಒಳಗಿನ ತಂತಿಗಳ ಜಾಲ ಇರುವುದೇ ಹಾಗೆ. ನೀವು ಆಕ್ಸಿಲರೇಟರ್ ಒತ್ತಿ, ಎಡಕ್ಕೆ ತಿರುಗಿಸುತ್ತಾ ನೈಟ್ರಸ್ (ಕೆಲ ಕ್ಷಣ ಎಂಜಿನ್‌ಗೆ ಹೆಚ್ಚಿನ ಬಲ ಕೊಡುವ ಅನಿಲ) ಒತ್ತಿದಾಗ ನೈಟ್ರಸ್ ಬರದಿದ್ದರೆ ತಪ್ಪು ನಿಮ್ಮ ಬೆರಳಿನದ್ದಲ್ಲ.

ಅದೇ ಪರೀಕ್ಷೆಯನ್ನು ಬಲ ಬಾಣದ ಕೀ ಜೊತೆಗೂ ಮಾಡಿ. ಎರಡೂ ಕಡೆ ಸರಿಯಾಗಿ ಮೂಡುವ ಮೂರು ಅಕ್ಷರ ಹುಡುಕಿಕೊಳ್ಳಿ, ಎಡಗೈಗೆ ಹತ್ತಿರ ಇರುವಂಥವು. ಆಟದ ಕಂಟ್ರೋಲ್ ಮೆನುಗೆ ಹೋಗಿ ನೈಟ್ರಸ್, ಹ್ಯಾಂಡ್‌ಬ್ರೇಕ್, ಸ್ಪೀಡ್‌ಬ್ರೇಕರ್ ಮೂರನ್ನೂ ಆ ಕೀಗಳಿಗೆ ಕೊಡಿ. ಸ್ಪೀಡ್‌ಬ್ರೇಕರ್ ಎಂದರೆ ಕೆಲ ಕ್ಷಣ ಲೋಕವೆಲ್ಲ ನಿಧಾನವಾಗುವ ಸೌಲಭ್ಯ. ಅದರ ವಿಚಾರ ಮುಂದೆ ಬರುತ್ತದೆ.

ಇನ್ನೊಂದು ಮಾತು. ಕೀಬೋರ್ಡ್‌ನಲ್ಲಿ ಸ್ಟೀರಿಂಗ್‌ಗೆ ‘ಸ್ವಲ್ಪ’ ಎಂಬುದಿಲ್ಲ. ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ. ಹಾಗಾಗಿ ಕೀಯನ್ನು ಹಿಡಿದುಕೊಳ್ಳಬೇಡಿ, ತಟ್ಟಿ. ಟಪ್, ಟಪ್, ಟಪ್. ನೇರ ರಸ್ತೆಯಲ್ಲಿ ಸಾಲು ಬದಲಿಸಲು ಒಂದು ತಟ್ಟು ಸಾಕು. ಉದ್ದನೆಯ ಬಾಗಿಗೆ ಸಣ್ಣ ಸಣ್ಣ ತಟ್ಟುಗಳ ಸರಣಿ. ಕೀ ಹಿಡಿದೇ ಇರುವವನ ಕಾರು ಹಾವಿನ ಹಾಗೆ ಹೊರಳುತ್ತದೆ, ಪ್ರತಿ ಹೊರಳಿಗೂ ವೇಗ ಕಳೆಯುತ್ತದೆ. ಯುಎಸ್‌ಬಿ ಗೇಮ್‌ಪ್ಯಾಡ್ ಇದ್ದರೆ ಈ ಕಷ್ಟ ಇಲ್ಲ. ಆದರೆ ಇದಕ್ಕೋಸ್ಕರವೇ ಕೊಳ್ಳಬೇಕಾಗಿಲ್ಲ, ಕೀಬೋರ್ಡ್‌ನಲ್ಲೇ ಪೂರ್ತಿ ಆಟ ಮುಗಿಸಬಹುದು.

ಹಂತ 3: ಎಡ ಬಿಟ್ಟು ಬಲಕ್ಕೆ

ರಾಕ್‌ಪೋರ್ಟ್ ಅಮೆರಿಕದ ಊರಿನ ಮಾದರಿ. ಅಲ್ಲಿ ಗಾಡಿಗಳು ಬಲಗಡೆ ಓಡುತ್ತವೆ. ನಾವು ಬಿ.ಎಚ್. ರಸ್ತೆಯಲ್ಲಿ ಸೈಕಲ್ ತುಳಿಯುವಾಗಿನಿಂದ ಎಡಗಡೆಯೇ ಹೋಗಿ ರೂಢಿ. ಗಾಬರಿಯಾದಾಗ ಕೈ ತಾನಾಗೇ ಎಡಕ್ಕೆ ಎಳೆಯುತ್ತದೆ. ಆಟದಲ್ಲಿ ಎಡ ಎಂದರೆ ಎದುರಿನಿಂದ ಬರುವ ಲಾರಿ. ತಿರುವು ದಾಟಿದ ತಕ್ಷಣ ಸುಮ್ನೆ ಎಡ ಸಾಲಿಗೆ ಹೋಗಿ ಗುದ್ದಿಸಿಕೊಳ್ಳುವವರನ್ನು ಎಷ್ಟು ಸಲ ನೋಡಿದ್ದೇನೋ!

ಇದಕ್ಕೆ ಮದ್ದು ಒಂದೇ. ರೇಸ್ ಶುರು ಮಾಡುವ ಮುಂಚೆ ಊರು ಸುತ್ತಿ. ಸುತ್ತಾಡಲು ಆಟವೇ ಬಿಡುತ್ತದೆ. ಮೊದಲಿಗೆ ರೋಸ್‌ವುಡ್ ಎಂಬ ಭಾಗ ಮಾತ್ರ ತೆರೆದಿರುತ್ತದೆ. ಆಮೇಲೆ ಕ್ಯಾಮ್ಡೆನ್ ಬೀಚ್, ಡೌನ್‌ಟೌನ್ ತೆರೆಯುತ್ತವೆ. ರೋಸ್‌ವುಡ್‌ನಲ್ಲಿ ನಿಧಾನವಾಗಿ, ಸಂಚಾರಿ ನಿಯಮ ಪಾಲಿಸಿಕೊಂಡು ಒಂದಷ್ಟು ಹೊತ್ತು ಓಡಿಸಿ. ನಗಬೇಡಿ. ಬಲಗಡೆ ಅಭ್ಯಾಸವಾಗುತ್ತದೆ, ಜೊತೆಗೆ ಅಡ್ಡದಾರಿಗಳೂ ಕಣ್ಣಿಗೆ ಬೀಳುತ್ತವೆ. ಮೀಟರ್ ಮೈಲಿಯಲ್ಲಿ ತೋರಿಸುತ್ತಿದ್ದರೆ ಗೊಂದಲ ಬೇಡ, 60 ಮೈಲಿ ಎಂದರೆ ಸುಮಾರು 97 ಕಿ.ಮೀ.

ಹಂತ 4: ಮೊದಲ ಕಾರು, ಮೊದಲ ದುಡ್ಡು

ಶುರುವಿನಲ್ಲಿ ಎಂ3 ಜಿಟಿಆರ್ ಕೊಟ್ಟು ರುಚಿ ಹತ್ತಿಸಿ ಕಿತ್ತುಕೊಳ್ಳುತ್ತಾರೆ. ರೇಜರ್ ಕಾರಿಗೆ ಕೈಯಾಡಿಸಿ ಮೋಸದಿಂದ ಗೆಲ್ಲುತ್ತಾನೆ. ಆ ರೇಸ್ ಸೋಲಲೇಬೇಕು, ಕಥೆಯೇ ಹಾಗಿದೆ. ಗೆಲ್ಲಲು ಒದ್ದಾಡಬೇಡಿ.

ಆಮೇಲೆ ಕೈಯಲ್ಲಿರುವ ದುಡ್ಡಿಗೆ ಸಿಗುವುದು ಫಿಯೆಟ್ ಪುಂಟೋ, ಶೆವರ್ಲೆ ಕೋಬಾಲ್ಟ್ ಎಸ್ಎಸ್, ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಲೆಕ್ಸಸ್ ಐಎಸ್ 300 ಇಂಥವು. ಮೊದಲ ಮೂರೂ ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳು. ಲೆಕ್ಸಸ್‌ನಲ್ಲಿ ಹಿಂದಿನ ಚಕ್ರಕ್ಕೆ. ಹೊಸಬರಿಗೆ ಮುಂದಿನ ಚಕ್ರದ್ದೇ ಒಳ್ಳೆಯದು, ತಿರುವಿನಲ್ಲಿ ಹಿಂಭಾಗ ಜಾರಿ ತಿರುಗಿ ನಿಲ್ಲುವುದು ಕಡಿಮೆ. ನನ್ನ ಮತ ಕೋಬಾಲ್ಟ್‌ಗೆ. ಪುಂಟೋ ಮೇಲೆ ಪ್ರೀತಿ ಇರುವವರು ಇದ್ದಾರೆ, ನಮ್ಮ ರಸ್ತೆಗಳಲ್ಲೂ ಆ ಹೆಸರಿನ ಕಾರು ಓಡಾಡಿದೆ ಅಲ್ವಾ. ಅದೂ ನಡೆಯುತ್ತದೆ.

ಈ ಕಾರಿಗೆ ದುಡ್ಡು ಸುರಿಯುವಾಗ ಕೈ ಬಿಗಿ ಇರಲಿ. ಮೊದಲು ಟೈರ್, ಆಮೇಲೆ ಬ್ರೇಕ್ ಮತ್ತು ಸಸ್ಪೆನ್ಷನ್, ಆಮೇಲೆ ನೈಟ್ರಸ್. ಎಂಜಿನ್ ಮತ್ತು ಟರ್ಬೋ ಕೊನೆಗೆ. ಎಲ್ಲರೂ ಇದನ್ನು ತಲೆಕೆಳಗು ಮಾಡುತ್ತಾರೆ. ತಿರುಗದ ಕಾರಿಗೆ ದೊಡ್ಡ ಎಂಜಿನ್ ಹಾಕಿದರೆ ಗೋಡೆಗೆ ಇನ್ನೂ ಜೋರಾಗಿ ಗುದ್ದಬಹುದು, ಅಷ್ಟೇ ಲಾಭ. ಸ್ಪಾಯ್ಲರ್, ಬಣ್ಣ, ಸ್ಟಿಕ್ಕರ್‌ಗಳಿಗೂ ಈಗಲೇ ಖರ್ಚು ಬೇಡ. ಅವಕ್ಕೆ ಬೇರೆ ಉಪಯೋಗ ಇದೆ, ಪೊಲೀಸರ ಹಂತದಲ್ಲಿ ಹೇಳುತ್ತೇನೆ.

ಹಂತ 5: ತಿರುವು

ಆರ್ಕೇಡ್ ಆಟ ಎಂದರೆ ಬ್ರೇಕೇ ಬೇಡ ಎಂದು ಒಂದು ನಂಬಿಕೆ. ನಿಜ, ಇಲ್ಲಿ ಟೈರ್ ಬಿಸಿಯಾಗುವ ಲೆಕ್ಕವಿಲ್ಲ, ಪೆಟ್ರೋಲ್ ಮುಗಿಯುವುದಿಲ್ಲ, ಗುದ್ದಿದರೆ ಗಾಜು ಒಡೆದು ಬಣ್ಣ ಕೆರೆಯುತ್ತದೆಯೇ ಹೊರತು ಎಂಜಿನ್ ಕೆಡುವುದಿಲ್ಲ. ಆದರೆ ವೇಗ ಕಳೆದುಕೊಂಡರೆ ಮತ್ತೆ ಗಳಿಸಲು ಸಮಯ ಬೇಕು, ಅದು ಇಲ್ಲೂ ಸುಳ್ಳಲ್ಲ.

ಚೂಪಾದ ತಿರುವು ಬರುತ್ತಿದೆ ಎಂದುಕೊಳ್ಳಿ, ಎಡಕ್ಕೆ. ನೀವು ರಸ್ತೆಯ ಬಲ ಅಂಚಿಗೆ ಬನ್ನಿ. ಕಾರು ಇನ್ನೂ ನೇರ ಇರುವಾಗಲೇ ಬ್ರೇಕ್ ಒತ್ತಿ ಬಿಡಿ. ಆಮೇಲೆ ತಿರುಗಿಸಿ. ತಿರುವಿನ ಒಳ ಮೂಲೆಯನ್ನು ಸವರಿಕೊಂಡು ಹೋಗಿ. ಮುಂದಿನ ನೇರ ರಸ್ತೆ ಕಣ್ಣಿಗೆ ಬಿದ್ದ ಕ್ಷಣ ಪೂರ್ತಿ ಆಕ್ಸಿಲರೇಟರ್, ಕಾರು ತಾನಾಗೇ ಬಲ ಅಂಚಿಗೆ ಹೋಗುತ್ತದೆ. ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ. ತಿರುಗಿಸುತ್ತಾ ಬ್ರೇಕ್ ಒತ್ತಿದರೆ ಎರಡೂ ಕೆಡುತ್ತವೆ, ಕಾರು ನಿಲ್ಲುವುದೂ ಇಲ್ಲ, ತಿರುಗುವುದೂ ಇಲ್ಲ. (ಈ ಗೆರೆಯನ್ನು ದೇವರಾಯನದುರ್ಗದ ಘಾಟಿಯಲ್ಲಿ ಬೈಕ್ ಮೇಲೆ ಹಾಕಲು ಹೋಗಬೇಡಿ. ಆಟದಲ್ಲಿ ರಸ್ತೆ ಪೂರ್ತಿ ನಿಮ್ಮದು. ಅಲ್ಲಿ ಅರ್ಧ ರಸ್ತೆ ಎದುರಿನ ಬಸ್ಸಿನದ್ದು.)

ಹ್ಯಾಂಡ್‌ಬ್ರೇಕ್ ಇರುವುದು ಪೂರ್ತಿ ಹಿಂದಕ್ಕೆ ತಿರುಗುವಂಥ ಮೂಲೆಗಳಿಗೆ ಮಾತ್ರ. ಒಂದು ತಟ್ಟು, ಹಿಂಭಾಗ ಜಾರಲು ಶುರುವಾಗುತ್ತಿದ್ದಂತೆ ಬಿಡಿ. ಹಿಡಿದುಕೊಂಡರೆ ಕಾರು ಅಡ್ಡ ನಿಲ್ಲುತ್ತದೆ.

ನೈಟ್ರಸ್ ಅನ್ನು ತಿರುವಿನ ಒಳಗೆ ಬಳಸಬೇಡಿ, ತಿರುವು ಮುಗಿದ ಮೇಲೆ ಬಳಸಿ. ಆಗಲೇ ಹೆಚ್ಚಿಗೆ ಕೊಡುತ್ತದೆ, ಯಾಕೆಂದರೆ ಕಡಿಮೆ ವೇಗದಿಂದ ಮೇಲೇಳುವಾಗ ಅದರ ಬಲ ಬೇಕು. ಮೀಟರ್ ಮುಳ್ಳು ಆಗಲೇ ತುದಿಗೆ ಬಂದಿರುವಾಗ ಒತ್ತಿದರೆ ನೀಲಿ ಬೆಂಕಿ ಚೆನ್ನಾಗಿ ಕಾಣುತ್ತದೆ, ಅಷ್ಟೇ. ನೈಟ್ರಸ್ ವೇಗವಾಗಿ ಓಡಿಸುತ್ತಿದ್ದರೆ ತಾನಾಗೇ ತುಂಬುತ್ತದೆ. ಹಾಗಾಗಿ ಜಿಪುಣತನವೂ ಬೇಡ, ಆದರೆ ಕೊನೆಯ ಸುತ್ತಿನ ಕೊನೆಯ ನೇರ ರಸ್ತೆಗೆ ಅರ್ಧ ಡಬ್ಬಿಯಾದರೂ ಉಳಿದಿರಬೇಕು.

ಅದಕ್ಕೆ ಕಾರಣ ಇದೆ. ಈ ಆಟದಲ್ಲಿ ಹಿಂದೆ ಬಿದ್ದ ಎದುರಾಳಿಗಳಿಗೆ ಕಂಪ್ಯೂಟರ್ ಸಹಾಯ ಮಾಡುತ್ತದೆ. ನೀವು ಎಷ್ಟೇ ಮುಂದೆ ಹೋದರೂ ಕನ್ನಡಿಯಲ್ಲಿ ಒಬ್ಬ ಕಾಣುತ್ತಲೇ ಇರುತ್ತಾನೆ. ನೀವು ಹಿಂದೆ ಬಿದ್ದರೆ ಅವರೂ ಸ್ವಲ್ಪ ನಿಧಾನವಾಗುತ್ತಾರೆ. ಹಾಗಾಗಿ ಮೊದಲ ಸುತ್ತಿನಲ್ಲಿ ಗುದ್ದಿಸಿಕೊಂಡರೆ ರೀಸ್ಟಾರ್ಟ್ ಮಾಡುವ ಅಗತ್ಯವೇ ಇಲ್ಲ, ಆಡುತ್ತಾ ಹೋಗಿ. ಕೊನೆಯ ಕಾಲು ಭಾಗದಲ್ಲಿ ಮಾಡಿದ ತಪ್ಪಿಗೆ ಮಾತ್ರ ಕ್ಷಮೆ ಇಲ್ಲ.

ಹಂತ 6: ರೇಸ್‌ನ ಬಗೆಗಳು

ಸರ್ಕ್ಯೂಟ್ ಎಂದರೆ ಸುತ್ತು ಹಾಕುವುದು, ಸ್ಪ್ರಿಂಟ್ ಎಂದರೆ ಇಲ್ಲಿಂದ ಅಲ್ಲಿಗೆ. ಇವಕ್ಕೆ ವಿವರಣೆ ಬೇಡ. ಲ್ಯಾಪ್ ನಾಕೌಟ್‌ನಲ್ಲಿ ಪ್ರತಿ ಸುತ್ತಿನ ಕೊನೆಯವನು ಹೊರಗೆ ಹೋಗುತ್ತಾನೆ. ಮೊದಲ ಸುತ್ತಿನಲ್ಲಿ ಕೊನೆಯವನಾಗದಿದ್ದರೆ ಸಾಕು, ಅವಸರ ಬೇಡ. ಟೋಲ್‌ಬೂತ್‌ನಲ್ಲಿ ಎದುರಾಳಿಯೇ ಇಲ್ಲ, ಗಡಿಯಾರದ ಜೊತೆ ಓಟ. ಒಂದು ಟೋಲ್‌ನಲ್ಲಿ ಉಳಿಸಿದ ಸಮಯ ಮುಂದಿನದಕ್ಕೆ ಸೇರುತ್ತದೆ. ಕ್ಯಾತ್ಸಂದ್ರ ಟೋಲ್‌ನಲ್ಲಿ ಸಾಲು ನಿಂತು ಬೇಜಾರಾದವರಿಗೆ ಇದು ಬಹಳ ಇಷ್ಟವಾಗುತ್ತದೆ.

ಸ್ಪೀಡ್‌ಟ್ರ್ಯಾಪ್ ಮಾತ್ರ ಮೋಸಗೊಳಿಸುವ ರೇಸ್. ದಾರಿಯಲ್ಲಿ ಅಲ್ಲಲ್ಲಿ ವೇಗ ಅಳೆಯುವ ಕ್ಯಾಮೆರಾ. ಪ್ರತಿ ಕ್ಯಾಮೆರಾ ಮುಂದೆ ನಿಮ್ಮ ವೇಗ ಎಷ್ಟಿತ್ತೋ ಅದನ್ನೆಲ್ಲ ಕೂಡಿಸಿ ಗೆದ್ದವರನ್ನು ಹೇಳುತ್ತಾರೆ. ಮೊದಲು ಹೋದವನೇ ಗೆಲ್ಲುತ್ತಾನೆ ಎಂದಿಲ್ಲ. ನೈಟ್ರಸ್ ಪೂರ್ತಿ ಕ್ಯಾಮೆರಾಗೆ ಮೀಸಲಿಡಿ, ಕ್ಯಾಮೆರಾಗೆ ಸ್ವಲ್ಪ ಮುಂಚೆ ಒತ್ತಿ, ದಾಟಿದ ತಕ್ಷಣ ಬಿಡಿ. ಹಾಗಂತ ನಡುವೆ ತೀರಾ ಆರಾಮಾಗಿ ಹೋಗಬೇಡಿ. ಮೊದಲಿಗ ಗೆರೆ ದಾಟಿದ ಮೇಲೆ ಹಿಂದಿದ್ದವರ ಅಂಕ ಇಳಿಯುತ್ತಾ ಹೋಗುತ್ತದೆ.

ಡ್ರ್ಯಾಗ್ ರೇಸ್ ಎಂದರೆ ಎಷ್ಟೋ ಜನ ಕೈ ಎತ್ತುತ್ತಾರೆ. ಇಲ್ಲಿ ಗೇರ್ ನೀವೇ ಹಾಕಬೇಕು. ಪರದೆಯ ಮೇಲೆ ಎಂಜಿನ್ ಮೀಟರ್ ದೊಡ್ಡದಾಗಿ ಕಾಣುತ್ತದೆ. ರಸ್ತೆ ನೋಡಬೇಕೋ ಮೀಟರ್ ನೋಡಬೇಕೋ ಎಂಬುದೇ ಕಷ್ಟ. ಹೀಗೆ ಮಾಡಿ: ಮೊದಲ ಎರಡು ಗೇರ್ ಮುಗಿಯುವ ತನಕ ಕಣ್ಣು ಮೀಟರ್ ಮೇಲೇ ಇರಲಿ. ಗೇರ್‌ಗಳು ಬೇಗ ಬೇಗ ಬದಲಾಗುವುದು ಆಗಲೇ. ಹಸಿರು ಗುರುತಿಗೆ ಬಂದಾಗ ಗೇರ್ ಹಾಕಿದರೆ ಕಾರು ಮುಂದಕ್ಕೆ ಚಿಮ್ಮುತ್ತದೆ. ಮೂರನೇ ಗೇರ್‌ನಿಂದ ಮುಂದೆ ಮೀಟರ್ ನಿಧಾನವಾಗಿ ಏರುತ್ತದೆ, ಆಗ ಕಣ್ಣು ರಸ್ತೆಗೆ. ಶಬ್ದ ಕೇಳಿಯೇ ಗೇರ್ ಹಾಕುವುದು ಬೇಗ ಅಭ್ಯಾಸವಾಗುತ್ತದೆ. ಎಡ ಬಲ ಬಾಣ ಇಲ್ಲಿ ಸ್ಟೀರಿಂಗ್ ಅಲ್ಲ, ಒಂದು ತಟ್ಟಿಗೆ ಒಂದು ಸಾಲು ಬದಲು. ಕೆಂಪು ಗುರುತಿನಲ್ಲಿ ಜಾಸ್ತಿ ಹೊತ್ತು ಇಟ್ಟರೆ ಎಂಜಿನ್ ಹೋಗುತ್ತದೆ. ಎದುರು ಗಾಡಿಗೆ ಗುದ್ದಿದರೆ ರೇಸೇ ಮುಗಿಯಿತು. ಉಳಿದ ರೇಸ್‌ಗಳಲ್ಲಿ ಸಿಗುವ ಕ್ಷಮೆ ಇದರಲ್ಲಿ ಸಿಗುವುದಿಲ್ಲ.

ಹಂತ 7: ಪೊಲೀಸರನ್ನು ಕರೆಯಿರಿ

ಪಕ್ಕದ ಮನೆ ಹುಡುಗ ಆಡುತ್ತಾ ಕೂತಿದ್ದ. ಸೈರನ್ ಕೇಳಿದ ಕೂಡಲೇ ತಿರುಗಿ, “ಅಣ್ಣಾ, ಪೊಲೀಸ್ ಬಂದ್ರು, ಆಟ ಕ್ಲೋಸ್ ಮಾಡ್ಲಾ?” ಎಂದ. “ಯಾಕೋ? ನಿನಗೆ ಬೇಕಾಗಿರೋದೇ ಅವರು” ಎಂದರೆ ನಂಬಲಿಲ್ಲ. ಅವನ ಪಟ್ಟಿಯಲ್ಲಿ ರೇಸ್ ಎಲ್ಲ ಮುಗಿದಿತ್ತು, ಬೌಂಟಿ ಕಾಲು ಭಾಗವೂ ಆಗಿರಲಿಲ್ಲ.

ಮೊದಲು ನಿಯಮ ತಿಳಿದುಕೊಳ್ಳಿ. ಪೊಲೀಸ್ ಹಿಂದೆ ಬಿದ್ದಿರುವಷ್ಟು ಹೊತ್ತೂ ಬೌಂಟಿ ಏರುತ್ತದೆ. ಅವರ ಕಾರು ಕೆಡವಿದರೆ ಇನ್ನೂ ಏರುತ್ತದೆ. ಆದರೆ ಅದು ನಿಮ್ಮ ಖಾತೆಗೆ ಸೇರುವುದು ತಪ್ಪಿಸಿಕೊಂಡ ಮೇಲೆ. ಸಿಕ್ಕಿಬಿದ್ದರೆ ಆ ಓಟದ ಬೌಂಟಿ ಹೋಯಿತು, ಮೈಲ್‌ಸ್ಟೋನ್ ಹೋಯಿತು, ಮೇಲೆ ದಂಡ ಬೇರೆ. ಕಾರಿನ ಮೇಲೆ ಒಂದು ಸ್ಟ್ರೈಕ್ ಬೀಳುತ್ತದೆ. ಮೂರು ಸ್ಟ್ರೈಕ್ ಆದರೆ ಕಾರು ಜಪ್ತಿ. ಹಾಗಾಗಿ ‘ಇನ್ನೂ ಸ್ವಲ್ಪ ಗಳಿಸೋಣ’ ಎಂಬ ಆಸೆಗೂ ಮಿತಿ ಇರಲಿ.

ಮೈಲ್‌ಸ್ಟೋನ್‌ಗಳನ್ನು ಒಂದೊಂದಾಗಿ ಮಾಡಬೇಡಿ. ಹೊರಡುವ ಮುಂಚೆ ಪಟ್ಟಿ ನೋಡಿ. ಇಷ್ಟು ನಿಮಿಷ ಓಡಬೇಕು, ಇಷ್ಟು ಪೊಲೀಸ್ ಕಾರು ಕೆಡವಬೇಕು, ಸರ್ಕಾರಕ್ಕೆ ಇಷ್ಟು ನಷ್ಟ ಮಾಡಬೇಕು, ಇಷ್ಟು ರಸ್ತೆ ತಡೆ ದಾಟಬೇಕು ಎಂದೆಲ್ಲ ಇರುತ್ತದೆ. ಒಂದೇ ಉದ್ದನೆಯ ಓಟದಲ್ಲಿ ನಾಲ್ಕನ್ನೂ ಮುಗಿಸಬಹುದು. ಇಷ್ಟು ಸಮಯದ ಒಳಗೇ ತಪ್ಪಿಸಿಕೊಳ್ಳಬೇಕು ಎಂಬ ಬಗೆಯದ್ದು ಮಾತ್ರ ಬೇರೆಯಾಗಿ ಮಾಡಬೇಕಾದದ್ದು. ಅದನ್ನು ಹೀಟ್ ಕಡಿಮೆ ಇರುವ ಕಾರಿನಲ್ಲಿ ಮೊದಲೇ ಮುಗಿಸಿಬಿಡಿ.

ಹೀಟ್ ಎಂದರೆ ಪೊಲೀಸರಿಗೆ ನಿಮ್ಮ ಮೇಲಿರುವ ಸಿಟ್ಟಿನ ಮಟ್ಟ. ಅದು ಕಾರಿಗೆ ಅಂಟಿಕೊಂಡಿರುತ್ತದೆ, ನಿಮಗಲ್ಲ. ಮೊದಲ ಮಟ್ಟದಲ್ಲಿ ಬರುವುದು ಸಾಧಾರಣ ಪೊಲೀಸ್ ಕಾರು, ಗುದ್ದಿದರೆ ಬೀಳುತ್ತವೆ. ಹೀಟ್ ಏರಿದಂತೆ ಎದುರಿನಿಂದ ನುಗ್ಗುವ ದೊಡ್ಡ ಎಸ್‌ಯುವಿಗಳು, ಮೊಳೆಪಟ್ಟಿ, ಹೆಲಿಕಾಪ್ಟರ್, ಕೊನೆಗೆ ಕಾರ್ವೆಟ್‌ನಲ್ಲಿ ಸಾರ್ಜೆಂಟ್ ಕ್ರಾಸ್. ಹೀಟ್ ಇಳಿಸಲು ಎರಡು ದಾರಿ. ಒಂದು, ಕಾರಿನ ವೇಷ ಬದಲಿಸುವುದು: ಬಣ್ಣ, ಬಾಡಿ ಕಿಟ್, ಸ್ಪಾಯ್ಲರ್. ಆಗ ಬೇಡ ಎಂದಿದ್ದ ಖರ್ಚು ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡು, ಆ ಕಾರನ್ನು ಗ್ಯಾರೇಜಿನಲ್ಲಿಟ್ಟು ಇನ್ನೊಂದು ಕಾರಿನಲ್ಲಿ ತಿರುಗುವುದು. ಅಗ್ಗದ ಎರಡನೇ ಕಾರು ಒಂದು ಇರಲೇಬೇಕು ಎನ್ನುವುದು ಇದಕ್ಕೇ.

ಇನ್ನು ಓಟ. ಹೆದ್ದಾರಿಯಲ್ಲಿ ಪೊಲೀಸರನ್ನು ಹಿಂದೆ ಹಾಕುತ್ತೇನೆ ಎಂದುಕೊಳ್ಳಬೇಡಿ. ಶುರುವಿನ ಕಾರಿಗಂತೂ ಅದು ಆಗದ ಮಾತು. ಗುಬ್ಬಿ ಗೇಟ್‌ನಿಂದ ಬಸ್ ಸ್ಟ್ಯಾಂಡಿಗೆ ಜಾಮ್ ತಪ್ಪಿಸಿಕೊಂಡು ಗಲ್ಲಿಗಲ್ಲಿಯಲ್ಲಿ ನುಗ್ಗಿಸುವ ಆಟೋದವರ ಹಾಗೆ ಓಡಿಸಿ. ಅವರು ವೇಗದಲ್ಲಿ ಗೆಲ್ಲುವುದಿಲ್ಲ, ಯಾವ ಗಲ್ಲಿ ಎಲ್ಲಿ ಬಿಡುತ್ತದೆ ಎಂಬುದು ಗೊತ್ತಿರುವುದರಿಂದ ಗೆಲ್ಲುತ್ತಾರೆ. ಒಂದರ ಹಿಂದೆ ಒಂದು ತಿರುವು ತೆಗೆದುಕೊಂಡರೆ ಹಿಂದಿರುವ ಕಾರುಗಳು ತಮ್ಮತಮ್ಮಲ್ಲೇ ಗುದ್ದಿಕೊಳ್ಳುತ್ತವೆ.

ಮ್ಯಾಪ್‌ನಲ್ಲಿ ಕೆಂಪು ತ್ರಿಕೋನಗಳು ಕಾಣುತ್ತವೆ. ಅವು ‘ಪರ್ಸ್ಯೂಟ್ ಬ್ರೇಕರ್’. ಪೆಟ್ರೋಲ್ ಬಂಕ್, ನೀರಿನ ಟ್ಯಾಂಕ್, ಕಟ್ಟಡದ ಸಾರುವೆ, ಡೋನಟ್ ಅಂಗಡಿಯ ಮೇಲಿನ ದೊಡ್ಡ ಡೋನಟ್. ಇವುಗಳ ಕಂಬಕ್ಕೆ ಗುದ್ದಿಕೊಂಡು ಹೋದರೆ ಮೇಲಿನದ್ದು ಹಿಂದೆ ಬರುವವರ ತಲೆಯ ಮೇಲೆ ಬೀಳುತ್ತದೆ. ಹೊಸಬರು ಇದನ್ನು ಒಂದೇ ಒಂದು ಪೊಲೀಸ್ ಕಾರು ಹಿಂದಿರುವಾಗ ಹಾಳು ಮಾಡುತ್ತಾರೆ. ಐದಾರು ಸೇರಲಿ, ಎಲ್ಲ ಬೆನ್ನಿಗೆ ಅಂಟಿಕೊಂಡು ಬರಲಿ, ಆಮೇಲೆ ಬೀಳಿಸಿ. ಕೆಡವಿದ ಕಾರುಗಳ ಲೆಕ್ಕವೂ ಬಂತು, ಸರ್ಕಾರದ ನಷ್ಟದ ಲೆಕ್ಕವೂ ಬಂತು. ಒಮ್ಮೆ ಬಿದ್ದದ್ದು ಆ ಓಟದಲ್ಲಿ ಮತ್ತೆ ಸಿಗುವುದಿಲ್ಲ. ತಪ್ಪಿಸಿಕೊಳ್ಳಲು ಒಂದನ್ನಾದರೂ ಉಳಿಸಿಕೊಳ್ಳಿ.

ರಸ್ತೆ ತಡೆಯ ವಿಷಯ ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ಸುಳಿವು ಸಿಗುವುದು ಕಿವಿಗೆ. ಪೊಲೀಸ್ ರೇಡಿಯೋ ಸದಾ ಮಾತಾಡುತ್ತಿರುತ್ತದೆ, ತಡೆ ಹಾಕುತ್ತಿದ್ದೇವೆ, ಮೊಳೆಪಟ್ಟಿ ಇಡುತ್ತಿದ್ದೇವೆ ಎಂದು ಅವರೇ ಹೇಳುತ್ತಾರೆ. ಹಾಡಿನ ವಾಲ್ಯೂಮ್ ಇಳಿಸಿ ಆಡಿ. ತಡೆ ಕಣ್ಣಿಗೆ ಬಿದ್ದಾಗ ಸ್ಪೀಡ್‌ಬ್ರೇಕರ್ ಒತ್ತಿ. ಎಲ್ಲ ನಿಧಾನವಾಗುತ್ತದೆ, ನೋಡಲು ಸಮಯ ಸಿಗುತ್ತದೆ. ಕಾರುಗಳ ನಡುವೆ ಆರಾಮಾಗಿ ಹೋಗುವಷ್ಟು ಜಾಗ ಬಿಟ್ಟಿದ್ದಾರೆ ಎಂದರೆ ಅನುಮಾನ ಪಡಿ, ಮೊಳೆಪಟ್ಟಿ ಅಲ್ಲೇ ಇರುವುದು. ಅಡ್ಡ ನಿಂತ ಕಾರಿನ ಹಿಂಭಾಗಕ್ಕೆ, ಅಂದರೆ ಡಿಕ್ಕಿಯ ಕಡೆಗೆ ಗುರಿ ಇಡಿ. ಎಂಜಿನ್ ಇರುವ ಮುಂಭಾಗಕ್ಕೆ ಹೊಡೆದರೆ ನೀವೇ ನಿಲ್ಲುತ್ತೀರಿ. ಹಿಂಭಾಗಕ್ಕೆ ಹೊಡೆದರೆ ಅದು ಬಾಗಿಲಿನಂತೆ ತಿರುಗಿ ದಾರಿ ಬಿಡುತ್ತದೆ. ಎಸ್‌ಯುವಿ ನಿಂತಿದ್ದರೆ ಆ ಕಡೆಗೇ ಹೋಗಬೇಡಿ. ಎಸ್‌ಯುವಿ ಎದುರಿನಿಂದ ನುಗ್ಗಿ ಬರುತ್ತಿದ್ದರೆ ಕೊನೆ ಕ್ಷಣದ ತನಕ ನೇರ ಹೋಗಿ, ಆಮೇಲೆ ಸ್ಪೀಡ್‌ಬ್ರೇಕರ್ ಒತ್ತಿ ಪಕ್ಕಕ್ಕೆ ಸರಿಯಿರಿ. ಬೇಗ ಸರಿದರೆ ಅದೂ ನಿಮ್ಮ ಕಡೆಗೇ ತಿರುಗುತ್ತದೆ.

ನಿಲ್ಲುವುದೊಂದೇ ಇಲ್ಲಿ ಅಪರಾಧ. ಪರದೆಯ ಕೆಳಗಿನ ಪಟ್ಟಿ ಕೆಂಪಾಗಿ ತುಂಬುತ್ತಿದೆ ಎಂದರೆ ಸಿಕ್ಕಿಬೀಳುತ್ತಿದ್ದೀರಿ ಎಂದರ್ಥ. ಸುತ್ತುವರಿದರೆ ಮುಂದಕ್ಕೆ ಒತ್ತುತ್ತಾ ಕೂರಬೇಡಿ. ರಿವರ್ಸ್ ಹಾಕಿ ಹಿಂದಿನ ಕಾರನ್ನು ತಳ್ಳಿ, ಒಂದು ಕಾರಿನಷ್ಟು ಜಾಗ ಆದ ಮೇಲೆ ಮುಂದಕ್ಕೆ ನೈಟ್ರಸ್.

ಎಲ್ಲರ ಕಣ್ಣಿಂದ ಮರೆಯಾದ ಮೇಲೆ ಕೂಲ್‌ಡೌನ್ ಶುರುವಾಗುತ್ತದೆ. ಮ್ಯಾಪ್‌ನಲ್ಲಿ ಅಡಗುತಾಣಗಳ ಗುರುತು ಬರುತ್ತದೆ. ಹತ್ತಿರದ್ದಕ್ಕೆ ಹೋಗಿ ಸುಮ್ನೆ ನಿಂತರೆ ಕೂಲ್‌ಡೌನ್ ಪಟ್ಟಿ ಬೇಗ ತುಂಬುತ್ತದೆ, ತುಂಬಿದರೆ ತಪ್ಪಿಸಿಕೊಂಡಂತೆ. ಎಷ್ಟೋ ಜನ ಇಲ್ಲಿ ತಾಳ್ಮೆ ಕಳೆದುಕೊಂಡು ಹೊರಗೆ ಬಂದು ಮತ್ತೆ ಕಣ್ಣಿಗೆ ಬೀಳುತ್ತಾರೆ.

ಹಂತ 8: ಮಾರ್ಕರ್ ಆರಿಸುವುದು

ಬ್ಲ್ಯಾಕ್‌ಲಿಸ್ಟ್‌ನವರನ್ನು ಸೋಲಿಸಿದಾಗ ಆರು ಗುರುತು ತೋರಿಸುತ್ತಾರೆ, ಎರಡನ್ನು ಆರಿಸಬಹುದು. ಮೂರರಲ್ಲಿ ಏನಿದೆ ಎಂದು ಕಾಣುತ್ತದೆ: ವಿಶೇಷ ಬಿಡಿಭಾಗಗಳು. ಉಳಿದ ಮೂರು ಪ್ರಶ್ನೆ ಗುರುತು. ಸೋತವರ ಕಾರಿನ ದಾಖಲೆ ಇರುವುದು ಈ ಪ್ರಶ್ನೆ ಗುರುತುಗಳ ಹಿಂದೆ. ಬಿಟ್ಟರೆ ದುಡ್ಡು, ಜಪ್ತಿ ಬಿಡಿಸುವ ಚೀಟಿ ಇಂಥವು. ನನ್ನ ಸಲಹೆ: ಎರಡೂ ಪ್ರಶ್ನೆ ಗುರುತನ್ನೇ ಆರಿಸಿ. ಬಿಡಿಭಾಗಕ್ಕಿಂತ ಪೂರ್ತಿ ಕಾರು ದೊಡ್ಡದು. ಬೇಡವಾದರೆ ಮಾರಿ ದುಡ್ಡು ಮಾಡಿಕೊಳ್ಳಬಹುದು. ವಿಕ್‌ನ ಸುಪ್ರಾ, ಮಿಂಗ್‌ನ ಗಲ್ಲಾರ್ಡೋ ಸಿಕ್ಕರೆ ಬಹಳ ದೂರ ಬರುತ್ತವೆ.

ಹಂತ 9: ಸೇವ್, ಮತ್ತು ಕರೆಂಟ್

ಆಟೋಸೇವ್ ಆನ್ ಮಾಡಿಡಿ. ಸೇವ್ ಆಗುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್ ಕೆಡುತ್ತದೆ, ಬೇಸಿಗೆ ಮಳೆ ಬರುವ ಸಂಜೆಗಳಲ್ಲಿ ಇದು ದೂರದ ಮಾತಲ್ಲ. ಮೈ ಡಾಕ್ಯುಮೆಂಟ್ಸ್ ಒಳಗೆ ‘ಎನ್ಎಫ್ಎಸ್ ಮೋಸ್ಟ್ ವಾಂಟೆಡ್’ ಎಂಬ ಫೋಲ್ಡರ್ ಇರುತ್ತದೆ. ಒಬ್ಬೊಬ್ಬ ಎದುರಾಳಿ ಮುಗಿದಾಗಲೂ ಅದನ್ನು ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಒಂದೇ ಪಿಸಿಯಲ್ಲಿ ಅಣ್ಣ ತಮ್ಮ ಇಬ್ಬರೂ ಆಡುವುದಾದರೆ ಬೇರೆ ಬೇರೆ ಹೆಸರಿನಲ್ಲಿ ಪ್ರೊಫೈಲ್ ಮಾಡಿ. ಇದರಿಂದ ತಪ್ಪುವ ಜಗಳಗಳು ಸಣ್ಣವಲ್ಲ.

ಹಂತ 10: ರೇಜರ್, ಮತ್ತು ಆಮೇಲೆ

ಕೊನೆಯವರ ಜೊತೆ ಒಂದೇ ರೇಸ್ ಅಲ್ಲ, ಒಂದರ ಹಿಂದೆ ಒಂದು ಇರುತ್ತದೆ. ರೇಜರ್ ಓಡಿಸುವುದು ನಿಮ್ಮದೇ ಎಂ3, ಆದರೆ ಅವನಿಗೂ ಒಂದು ದೌರ್ಬಲ್ಯ ಇದೆ: ಊರಿನ ಗಾಡಿಗಳಿಗೆ ಗುದ್ದುತ್ತಾನೆ. ಅವನ ಬೆನ್ನಿಗೆ ಅಂಟಿಕೊಂಡು ಓಡಿಸಬೇಡಿ, ಸ್ವಲ್ಪ ಪಕ್ಕದ ಸಾಲಿನಲ್ಲಿರಿ.

ಗೆದ್ದ ಮೇಲೆ ಎಂ3 ಕೈಗೆ ಬರುತ್ತದೆ, ಜೊತೆಗೆ ಇಡೀ ಊರಿನ ಪೊಲೀಸರು. ಇದು ಗೆಲ್ಲುವ ಓಟವಲ್ಲ, ಉಳಿಯುವ ಓಟ. ಇಲ್ಲಿ ತಪ್ಪಿಸಿಕೊಳ್ಳಲು ನೋಡಬೇಡಿ, ಸಿಕ್ಕಿಬೀಳದಿದ್ದರೆ ಸಾಕು. ಪರ್ಸ್ಯೂಟ್ ಬ್ರೇಕರ್‌ಗಳನ್ನು ಲೆಕ್ಕ ಹಾಕಿ ಒಂದೊಂದಾಗಿ ಬಳಸುತ್ತಾ, ಕಥೆಯಲ್ಲಿ ನಿಮಗೆ ಸಹಾಯ ಮಾಡುವ ಮಿಯಾಳ ಕರೆಗೆ ಕಾಯಿರಿ. ಕರೆ ಬಂದ ಮೇಲೆ ಅವಳು ಹೇಳುವ ಹಳೇ ಸೇತುವೆಗೆ ಹೋಗಬೇಕು. ದಾರಿಯಲ್ಲಿ ನೈಟ್ರಸ್ ಮುಟ್ಟಬೇಡಿ, ಪೂರ್ತಿ ತುಂಬಿರಲಿ. ಸೇತುವೆ ತುದಿಯಲ್ಲಿ ರಸ್ತೆ ಇಲ್ಲ ಎಂದು ಕಾಣುತ್ತದೆ. ಅಲ್ಲಿ ಮಾತ್ರ ಬ್ರೇಕ್ ಒತ್ತಬೇಡಿ.